ಬಾಳೆನಾರು ಮತ್ತು ಸೀತಾಳೆ

ಮಣ್ಣು ಬೇಡದೆ ಮರದ ಮೇಲೆಯೇ ಬದುಕುವ ಸೀತಾಳೆ ಹೂಗಿಡವೊಂದನ್ನು ಜಲಜಕ್ಕ ತನ್ನ ಹಿತ್ತಲ ಮಾವಿನ ಕೊಂಬೆಗೆ ಒತ್ತಿ ಹಿಡಿದು, ಬಾಳೆನಾರಿನಿಂದ ಬಿಗಿಯಾಗಿ ಕಟ್ಟಿದಳು. "ಇದನ್ನು ಬೀಳಗೊಡಬೇಡ" ಎಂದು ನಾರಿಗೆ ಹೇಳಿ ಹೋದಳು.

ನಾರಿಗೆ ಹೆಮ್ಮೆಯೋ ಹೆಮ್ಮೆ. "ಹೂವಿನಿಂದ ನಾರು ಸ್ವರ್ಗ ಸೇರಿತು ಎಂದು ಜನ ನಮ್ಮನ್ನು ಆಡಿಕೊಳ್ಳುತ್ತಾರೆ. ಇಲ್ಲಿ ನೋಡು ತಂಗಿ, ನಾರಿನಿಂದ ಹೂವು ಮರ ಸೇರಿದೆ. ನಾನು ಒಂದು ಗಳಿಗೆ ಸಡಿಲ ಬಿಟ್ಟರೆ ನೀನು ನೆಲದ ಪಾಲು!"

"ಹೌದಕ್ಕ" ಎಂದಿತು ಸೀತಾಳೆ. ಅದು ಹೆಚ್ಚು ಮಾತಿನ ಗಿಡವಲ್ಲ.

ಮಳೆಗಾಲ ಬಂತು. ನೆನೆದು ನೆನೆದು ನಾರು ಕೊಳೆಯತೊಡಗಿತು. ಹೆಮ್ಮೆ ಇಳಿದು ದಿಗಿಲು ಹತ್ತಿತು. ಗಾಳಿ ಬೀಸಿದಾಗಲೆಲ್ಲ ಜೀವ ಕೈಯಲ್ಲಿ ಹಿಡಿದುಕೊಂಡು, "ತಂಗಿ, ಅಲುಗಬೇಡ, ನನ್ನ ಕೈಲಿ ಆಗುತ್ತಿಲ್ಲ" ಎಂದು ಗೋಗರೆಯುತ್ತಿತ್ತು.

"ಹಾಗಾದರೆ ಬಿಟ್ಟುಬಿಡು ಅಕ್ಕ" ಎಂದಿತು ಸೀತಾಳೆ.

"ಬಿಡುವುದೇ? ಬಿಟ್ಟರೆ ನಿನ್ನ ಗತಿ?" ಎಂದು ನಾರು ರೇಗಿತು. ರೇಗಿದ ರಭಸಕ್ಕೆ ತಾನೇ ಪಟ್ಟನೆ ಹರಿದುಹೋಯಿತು.

ಕಣ್ಣು ಮುಚ್ಚಿಕೊಂಡು, ಗಿಡ ಬೀಳುವ ಸದ್ದಿಗೆ ಕಾಯಿತು. ಸದ್ದಾಗಲಿಲ್ಲ. ಮೆಲ್ಲಗೆ ಕಣ್ಣು ಬಿಟ್ಟರೆ ಸೀತಾಳೆ ಇದ್ದಲ್ಲೇ ಇದೆ. ಅದರ ದಪ್ಪ ಬಿಳಿ ಬೇರುಗಳು ತೊಗಟೆಯನ್ನು ಬಾಚಿ ತಬ್ಬಿಕೊಂಡಿವೆ.

"ಸದ್ಯ, ಉಳಿದೆಯಲ್ಲ!" ಎಂದು ನಾರು ನಿಟ್ಟುಸಿರುಬಿಟ್ಟಿತು. ಆಮೇಲೆ ತನ್ನ ನೆನಪಾಯಿತು. "ಅಲ್ಲಾ, ಹರಿದದ್ದು ನಾನು. ನಾನೇಕೆ ಕೆಳಗೆ ಬೀಳಲಿಲ್ಲ?"

"ಮರವನ್ನು ತಬ್ಬುವಾಗ ನಡುವೆ ನೀನಿದ್ದೆಯಲ್ಲ ಅಕ್ಕ" ಎಂದಿತು ಸೀತಾಳೆ. "ನಿನ್ನನ್ನೂ ಸೇರಿಸಿಯೇ ಹಿಡಿದುಕೊಂಡೆ."