ಹೊಗೆ ಬಚ್ಚಿಟ್ಟ ನರಿಯ ವಿಮಾನ

ಒಂದು ಕಾಡಿನಲ್ಲಿ ರೆಕ್ಕೆ ಇಲ್ಲದವರಿಗೂ ಹಾರುವ ಭಾಗ್ಯವಿತ್ತು. ನರಿಯಣ್ಣ ಒಂದು ವಿಮಾನ ಇಟ್ಟುಕೊಂಡಿದ್ದ. ಮೊಲಗಳು, ಆಮೆಗಳು ಅದರಲ್ಲಿ ಕೂತು ಗುಡ್ಡ ದಾಟುತ್ತಿದ್ದವು. ಆದರೆ ಎಣ್ಣೆ ಸುಡುವ ಆ ವಿಮಾನ ಉಗುಳುತ್ತಿದ್ದ ಹೊಗೆ, ಅಬ್ಬಬ್ಬಾ!

ಗುಡ್ಡದ ಮೇಲಿನ ಮರದ ಪೊಟರೆಯಲ್ಲಿ ಮಂಗಟ್ಟೆ ಹಕ್ಕಿಯ ಹೆಂಡತಿ ಮರಿಗಳೊಂದಿಗೆ ಕೂತಿದ್ದಳು. ಮಂಗಟ್ಟೆಗಳ ಪದ್ಧತಿಯಂತೆ ಪೊಟರೆಯ ಬಾಯನ್ನು ಮೆತ್ತಿ ಮುಚ್ಚಿ, ಕೊಕ್ಕು ತೂರುವಷ್ಟೇ ಸಂದು ಬಿಟ್ಟಿದ್ದರು. ಮರಿಗಳು ಬಲಿಯುವವರೆಗೆ ಅವಳು ಹೊರಬರುವಂತಿರಲಿಲ್ಲ. ಹೊಗೆ ಮಾತ್ರ ಒಳಗೆ ನುಗ್ಗುತ್ತಿತ್ತು.

“ನನ್ನ ಹೆಂಡತಿ ಮಕ್ಕಳು ಕೆಮ್ಮಿ ಕೆಮ್ಮಿ ಸಾಯ್ತಾರೆ ನರಿಯಣ್ಣ,” ಎಂದು ಮಂಗಟ್ಟೆ ಅಂಗಲಾಚಿದ.

“ಹೊಗೆ ಇಲ್ಲದೆ ವಿಮಾನ ಹಾರುತ್ತೇನಯ್ಯ?” ನರಿ ನಕ್ಕ.

“ಯಾಕೆ ಹಾರಲ್ಲ?” ಎಂದಳು ಹೊಳೆಯ ನೀರುನಾಯಿ ಚಂಪಕ್ಕ. ಅವಳು ಬಿಸಿಲಿನ ಕರೆಂಟಿನಿಂದ ನೀರನ್ನು ಒಡೆದು ಜಲಜನಕ ತೆಗೆದಿದ್ದಳು. ಅವಳೇ ಕಟ್ಟಿದ ವಿಮಾನದಲ್ಲಿ ಆ ಜಲಜನಕ ಗಾಳಿಯೊಂದಿಗೆ ಸೇರಿ ಕರೆಂಟು ಹುಟ್ಟಿಸುತ್ತಿತ್ತು, ಕರೆಂಟು ಮೂತಿಯ ಫ್ಯಾನು ತಿರುಗಿಸುತ್ತಿತ್ತು. ಹಿಂದಿನಿಂದ ಬರುತ್ತಿದ್ದುದು ಬರೀ ನೀರಾವಿ.

ಕಾಡಿಗೆಲ್ಲ ಹಿರಿಯಳಾದ ಆನೆಯಜ್ಜಿ ತೀರ್ಪು ಕೊಟ್ಟಳು: “ನಾಳೆ ಇಬ್ಬರೂ ಹಾರಿಸಿ. ಹೊಗೆ ಬಿಡದವರಿಗಷ್ಟೇ ಇನ್ನು ಈ ಆಕಾಶ.”

ನರಿಗೆ ವಿಮಾನ ಬದಲಾಯಿಸುವ ಮನಸ್ಸಿರಲಿಲ್ಲ. ಹೊಗೆಯ ಕೊಳವೆಯನ್ನು ಬಗ್ಗಿಸಿ, ಸೀಟಿನ ಹಿಂದೆ ಇಟ್ಟ ದೊಡ್ಡ ಚೀಲದೊಳಗೆ ತೂರಿಸಿ ಬಿಗಿದ. ವಿಮಾನಕ್ಕೆಲ್ಲ ಹಸಿರು ಬಣ್ಣ ಬಳಿದ. “ನಂದೂ ಕರೆಂಟಿನದೇ!” ಎಂದು ಮೀಸೆ ತಿರುವಿದ.

ಎರಡೂ ವಿಮಾನಗಳು ಮೇಲೇರಿದವು. ಹೊಗೆಯ ಸುಳಿವೇ ಇಲ್ಲ! ಮೊಲಗಳು ಚಪ್ಪಾಳೆ ತಟ್ಟಿದವು. ಅಷ್ಟರಲ್ಲಿ ನರಿಯ ಚೀಲ ಉಬ್ಬಿ ಉಬ್ಬಿ ಢಬ್ಬೆಂದು ಒಡೆಯಿತು. ಮುಚ್ಚಿದ ಬಾಗಿಲು, ಸುತ್ತ ಬರೀ ಆಕಾಶ. ಓಡುವುದಾದರೂ ಎಲ್ಲಿಗೆ? ಕೆಮ್ಮುತ್ತಾ, ಕಣ್ಣೀರು ಸುರಿಸುತ್ತಾ ನರಿ ಹೇಗೋ ವಿಮಾನ ಇಳಿಸಿದ.

ಮಸಿ ಮೆತ್ತಿಕೊಂಡು ಹೊರಬಂದವನನ್ನು ಕಂಡು ಕರಡಿ, “ಅರೆ, ನಮ್ಮ ಸೋದರಮಾವ ಯಾವಾಗ ಬಂದ?” ಎಂದಿತು. ಕಾಡೆಲ್ಲ ಬಿದ್ದು ಬಿದ್ದು ನಕ್ಕಿತು.

ನರಿ ಮಾತ್ರ ನಗಲಿಲ್ಲ. ಮಂಗಟ್ಟೆಯ ಕಾಲು ಹಿಡಿದ. “ಆ ಚೂರು ಹೊತ್ತಿಗೇ ನನ್ನ ಜೀವ ಹೋಗ್ತಿತ್ತು. ನಿನ್ನ ಹೆಂಡತಿ ಹೇಗೆ ತಡ್ಕೊಂಡಳೋ! ತಪ್ಪಾಯ್ತು ಮಾರಾಯ. ಚಂಪಕ್ಕ, ಆ ವಿದ್ಯೆ ನನಗೂ ಹೇಳಿಕೊಡು.”

“ಕೊಡೋಣ. ಮೊದಲು ಹೊಳೇಲಿ ಮುಖ ತೊಳ್ಕೊಂಡು ಬಾ,” ಎಂದಳು ಚಂಪಕ್ಕ.

ಗುಡ್ಡದ ಗಾಳಿ ತಿಳಿಯಾಯಿತು. ಕೆಲವು ವಾರಗಳಲ್ಲಿ ಮಂಗಟ್ಟೆಯ ಹೆಂಡತಿ ಗುಂಡುಗುಂಡಾದ ಮರಿಗಳನ್ನು ಕರೆದುಕೊಂಡು ಹೊರಗೆ ಹಾರಿ ಬಂದಳು.

ನೀತಿ: ಹೊಗೆಯನ್ನು ಬಚ್ಚಿಟ್ಟರೆ ಗಾಳಿ ಶುದ್ಧವಾಗುವುದಿಲ್ಲ, ಹೊಗೆ ಹುಟ್ಟದಂತೆ ಮಾಡುವುದೇ ನಿಜವಾದ ಜಾಣತನ.