ಕುಂಬಳಕಾಯಿಯೊಳಗೆ ಹೋದ ಎಮ್ಮೆ

"ಗುರುಗಳೇ, ಸ್ಕಿಜೋಫ್ರೇನಿಯಾ ಇರುವವರಿಗೆ ಇಲ್ಲದ ದನಿ ಕೇಳಿಸಿದರೆ ಅವರೇ ಹೇಳುತ್ತಾರೆ, ನಾವು ಬರೆದುಕೊಳ್ಳುತ್ತೇವೆ. ಆದರೆ ಬತ್ತಿದ ನಗು, ನಿಂತುಹೋದ ಮಾತು, ಏನೂ ಬೇಡವಾದ ಮನಸ್ಸು, ಇವನ್ನು ಅಳೆಯುವುದು ಹೇಗೆ? ಇಲ್ಲದ್ದಕ್ಕೆ ಅಳತೆ ಎಲ್ಲಿದೆ?" ಎಂದು ಮನೋವೈದ್ಯಶಾಸ್ತ್ರ ಕಲಿಯುತ್ತಿದ್ದ ಶಿಷ್ಯೆ ಕೇಳಿದಳು.

"ಇದರ ಉತ್ತರ ಬಲ್ಲವನು ಮೂರು ಲೋಕದಲ್ಲಿ ನಾನೊಬ್ಬನೇ. ಅದಕ್ಕೇ ಒಂದು ಕತೆ ಹೇಳಿ ತಪ್ಪಿಸಿಕೊಳ್ಳುತ್ತೇನೆ" ಎಂದರು ಗುರುಗಳು.

ಒಬ್ಬ ಬಳೆಗಾರನಿದ್ದ. ಅವನ ಕಿವಿಯಲ್ಲಿ ಕಾಣದವರು ಮಾತಾಡುತ್ತಿದ್ದರು. ಮದ್ದು ಕೊಟ್ಟ ಮೇಲೆ ಅವರು ಸುಮ್ಮನಾದರು. ಆದರೆ ಬಳೆಗಾರನ ಮಾತು ಮರಳಲಿಲ್ಲ. ಅವನು ನಗಲಿಲ್ಲ. ಬಳೆಯ ಮಲಾರ ಹೊತ್ತು ಊರಿಗೆ ಹೊರಡಲಿಲ್ಲ. ಎಬ್ಬಿಸಿದರೆ ಏಳುವನು, ಕೂರಿಸಿದರೆ ಕೂರುವನು.

ಅವನ ಮಾವ ಮಗಳನ್ನು ತವರಿಗೆ ಕರೆದೊಯ್ಯಲು ಬಂದ. "ಯಾರೂ ಇಲ್ಲದ ಮನೆಗೆ ಕಾವಲು ಕೂತಿದ್ದೀಯಲ್ಲೇ" ಎಂದ.

"ಇದ್ದಾರೆ ಅಪ್ಪಾ."

"ಇದ್ದರೆ ತೋರಿಸು."

ಆ ಸೀಮೆಯಲ್ಲಿ ಕತೆ ಕೇಳುವವರು ಹೂಂಗುಟ್ಟಲೇಬೇಕು. ಹೂಂ ಇಲ್ಲದಿದ್ದರೆ ಕತೆ ಮುಂದಕ್ಕೆ ಹೋಗದು. ಮಾವ ಪಕ್ಕದೂರಿನ ಹರಟೆಗಾರನನ್ನು ಕರೆಸಿದ. ಅಳಿಯ ಒಮ್ಮೆ ನಕ್ಕರೆ, ಹೋಗಲಿ, ಒಂದು ಹೂಂ ಅಂದರೂ ಸಾಕು, ಮಗಳು ಇಲ್ಲೇ ಇರಲಿ. ಇಲ್ಲವಾದರೆ ಗಂಟು ಕಟ್ಟಲಿ ಎಂದ. ಬೇರೆ ದಾರಿ ಕಾಣದೆ ಮಗಳು ಒಪ್ಪಿದಳು.

ಆ ಹರಟೆಗಾರ ಸಾಮಾನ್ಯನಲ್ಲ. ಸುಳ್ಳಿನಲ್ಲಿ ನನಗಿಂತ ಒಂದು ಗುಲಗಂಜಿಯಷ್ಟೇ ಕಡಿಮೆ. ಅವನು ಶುರುಮಾಡಿದ. "ನಮ್ಮ ಹಿತ್ತಲಲ್ಲಿ ಒಂದು ಕುಂಬಳಕಾಯಿ ಬಿಟ್ಟಿತು. ಅದರ ನೆರಳಲ್ಲಿ ಎರಡೂರಿನ ಸಂತೆ ಕೂರುತ್ತಿತ್ತು. ನಮ್ಮ ಎಮ್ಮೆ ಅದನ್ನು ಕೊರೆದು ಒಳಗೆ ಹೊಕ್ಕಿತು. ಹುಡುಕುತ್ತ ನಾನೂ ಹೊಕ್ಕೆ. ನೋಡಿದರೆ ನಮ್ಮ ಬೀಗರು ಆಗಲೇ ಅಲ್ಲಿ ಮನೆ ಕಟ್ಟಿಕೊಂಡಿದ್ದಾರೆ! ಕಾಲು ತೊಳೆದು ಬನ್ನಿ ಎಂದರು. ಹೋಳಿಗೆ ಬಡಿಸಿದರು. ಉಂಡು, ಎಲೆಯಡಿಕೆ ಹಾಕಿಕೊಂಡು ಈಚೆ ಬಂದೆ."

ಮಾವ ಸಾಲು ಸಾಲಿಗೂ ಹೂಂ ಎಂದ, ಹೊಟ್ಟೆ ಹಿಡಿದು ನಕ್ಕ. ಕತೆ ಕೇಳಲು ಸೇರಿದ್ದ ನೆಂಟರೂ ನಕ್ಕರು. ಬಳೆಗಾರನ ಮುಖ ಅಲುಗಲಿಲ್ಲ.

"ನೋಡಿದೆಯಾ?" ಎಂದ ಮಾವ. ಮಗಳು ಅಳುತ್ತ ಗಂಟು ಕಟ್ಟತೊಡಗಿದಳು. ಉಳಿದವರು ಊಟಕ್ಕೆ ಎದ್ದರು.

ಹರಟೆಗಾರ ಏಳಲಿಲ್ಲ. ಅವನ ಮುಂದೆ ನಗದೆ ಕೂತವರು ಅಲ್ಲಿಯವರೆಗೆ ಇರಲಿಲ್ಲ. "ನನ್ನ ಕತೆಗೆ ಏನಪ್ಪಾ ಕಡಿಮೆಯಾಯಿತು? ನೀನು ಹೇಳದೆ ನಾನು ಅನ್ನ ಮುಟ್ಟುವುದಿಲ್ಲ" ಎಂದು ಬಳೆಗಾರನ ಎದುರಿಗೇ ಕೂತ. ಒಳಗೆ ಸಾರು ಮುಗಿಯಿತು. ಮಜ್ಜಿಗೆಯೂ ಮುಗಿಯಿತು. ಹರಟೆಗಾರನ ಹೊಟ್ಟೆ ಗುರುಗುಟ್ಟಿತು.

ಆಗ ಬಳೆಗಾರ, ಗೋಡೆ ನೋಡುತ್ತಲೇ, "ಎಮ್ಮೆ?" ಎಂದ.

"ಯಾವ ಎಮ್ಮೆಯೋ?"

"ಒಳಗೆ ಹೋಯಿತಲ್ಲ. ನೀನೊಬ್ಬನೇ ಬಂದೆ." ಮತ್ತೆ ಸುಮಾರು ಹೊತ್ತು ಬಿಟ್ಟು, "ಪಾಪ, ಹಾಲು ಕರೆಯುವ ಹೊತ್ತಾಯಿತು" ಎಂದ. ದನಿ ಏರಲಿಲ್ಲ, ಇಳಿಯಲಿಲ್ಲ.

ಹರಟೆಗಾರ ಒಳಗೆ ಓಡಿದ. "ಸ್ವಾಮಿ, ನೀವು ಅಷ್ಟು ಹೂಂ ಅಂದಿರಲ್ಲ, ನನ್ನ ಎಮ್ಮೆ ಎಲ್ಲಿ ಹೇಳಿ ನೋಡೋಣ!"

ಮಾವ ಕೈ ತೊಳೆಯುವುದನ್ನು ಮರೆತು ನಿಂತ. ಮಗಳು ಗಂಟು ಬಿಚ್ಚಿದಳು.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ಅವನಿಗೆ ಕಾಯಿಲೆ ಇರಲೇ ಇಲ್ಲವೇ?" ಎಂದಳು ಶಿಷ್ಯೆ.

"ಇಲ್ಲದೆ ಏನು? ಮಾರನೆಯ ದಿನವೂ ಹೆಂಡತಿಯೇ ಎಬ್ಬಿಸಿ ಸ್ನಾನಕ್ಕೆ ಕಳಿಸಿದಳು. ನಗು ಆಗಲೂ ಬರಲಿಲ್ಲ."

"ಮತ್ತೆ ಅಳತೆ?"

"ಪ್ರಶ್ನೆ ಕೇಳಿದ ಮೇಲೆ, ಇಲ್ಲ ಎಂದು ಬರೆಯುವ ಮೊದಲು, ನೀನು ಎಷ್ಟು ಹೊತ್ತು ಕೂರುತ್ತೀಯಮ್ಮಾ?"