ಹಳ್ಳದ ದಾರಿಯಲ್ಲಿ ಹೆಗ್ಗಣದ ಮನೆ

ಮಕ್ಕಳೇ, ಕುರುಚಲು ಕಾಡಿನ ನಡುವೆ ಒಂದು ಕೊಳ, ಕೊಳದ ಪಕ್ಕ ಒಂದು ದಿಬ್ಬ. ಕಾಡ್ಗಿಚ್ಚಿನಲ್ಲಿ ಮನೆ ಕಳೆದುಕೊಂಡ ಪ್ರಾಣಿಗಳು ಬೇಸಿಗೆಯಲ್ಲಿ ಅಲ್ಲಿಗೆ ಹೊಸದಾಗಿ ಬಂದವು.

"ಮೊದಲು ಜಾಗ ನೋಡೋಣ, ಆಮೇಲೆ ಅಗೆಯೋಣ" ಎಂದಿತು ಮುದಿ ಆಮೆ.

ಮೊಲಕ್ಕೆ ಇಷ್ಟೇ ಸಾಕಿತ್ತು. ಕಂಡದ್ದನ್ನೆಲ್ಲ ಮೂಸದಿದ್ದರೆ ಅದಕ್ಕೆ ತಿಂದದ್ದು ಅರಗುವುದಿಲ್ಲ. ದಿಬ್ಬದ ಬುಡದ ತಗ್ಗಿಗೆ ಬಂದು ಅದು ನಿಂತುಬಿಟ್ಟಿತು.

"ಇಲ್ಲಿ ನೋಡಿ! ಪೊದೆಯಲ್ಲಿ ನನ್ನ ಕಿವಿಯೆತ್ತರಕ್ಕೆ ಒಣಹುಲ್ಲು ಸಿಕ್ಕಿಕೊಂಡಿದೆ. ಯಾರು ತಂದಿಟ್ಟರು?"

"ಗಾಳಿ" ಎಂದಿತು ಹೆಗ್ಗಣ, ಆಗಲೇ ಮಣ್ಣು ಕೆದರುತ್ತ.

"ಗಾಳಿಯಾದರೆ ದಿಬ್ಬದ ಪೊದೆಗಳಲ್ಲೂ ಇರಬೇಕಲ್ಲ? ಇಲ್ಲಿ ಮಾತ್ರ ಯಾಕೆ? ಎಲ್ಲ ಪೊದೆಯಲ್ಲೂ ಒಂದೇ ಎತ್ತರಕ್ಕೆ ಯಾಕೆ?"

ಆಮೆ ಹತ್ತಿರ ಬಂದು ನೋಡಿತು. "ಇದು ನೀರು ತಂದ ಕಸ. ಮಳೆಗಾಲದಲ್ಲಿ ಹಳ್ಳ ಈ ದಾರಿಯಲ್ಲೇ ಕೊಳಕ್ಕೆ ಇಳಿಯುತ್ತದೆ. ಬಿಲಗಳು ದಿಬ್ಬದ ಮೇಲಿರಲಿ, ಇಳಿಜಾರು ಮೇವಿಗಿರಲಿ, ತಗ್ಗನ್ನು ನೀರಿಗೆ ಬಿಡೋಣ. ಕೊಳ ತುಂಬಿದರೆ ತಾನೇ ಮುಂದಿನ ಬೇಸಿಗೆಗೆ ನಮಗೆ ನೀರು?"

ಹೆಗ್ಗಣಕ್ಕೆ ನಗು ಬಂತು. "ದಿಬ್ಬದ ಮೇಲೆ ಬರೀ ಕಲ್ಲು, ಇಲ್ಲಿ ಬೆಣ್ಣೆಯಂಥ ಮಣ್ಣು. ನನ್ನ ಹೆಂಡತಿಗೆ ದಿನ ತುಂಬಿದೆ. ನಿಮ್ಮ ಮಾತು ಮುಗಿಯುವಷ್ಟರಲ್ಲಿ ನನ್ನ ಮರಿಗಳು ಮುದಿಯಾಗುತ್ತವೆ!"

ಮೂರೇ ದಿನದಲ್ಲಿ ಹೆಗ್ಗಣದ ಮನೆ ಸಿದ್ಧವಾಯಿತು. ಏಳು ಮರಿಗಳೂ ಹುಟ್ಟಿದವು. ಅಗೆದ ಮಣ್ಣೆಲ್ಲ ತಗ್ಗಿಗೆ ಅಡ್ಡಲಾಗಿ ಗುಡ್ಡೆ ಬಿದ್ದಿತ್ತು.

"ಮಾವ, ಈ ಗುಡ್ಡೆ ದಾಟಿ ನೀರು ಹೇಗೆ ಹೋಗುತ್ತದೆ?" ಎಂದು ಮೊಲ ಕೇಳಿತು.

"ಹೋಗು, ನಿನ್ನ ಕೆಲಸ ನೋಡಿಕೋ!"

ಮರುದಿನವೇ ಗುಡುಗಿ ಮಳೆ ಸುರಿಯಿತು. ಕೆಂಪು ನೀರು ನುಗ್ಗಿ ಬಂತು, ಗುಡ್ಡೆಗೆ ತಡೆದು ನಿಂತಿತು, ನೇರ ಬಿಲದೊಳಕ್ಕೆ ತಿರುಗಿತು.

"ಮರಿಗಳು! ನನ್ನ ಮರಿಗಳು!" ಹೆಗ್ಗಣದ ಕೂಗು ಕೇಳಿ ದಿಬ್ಬದ ಮೇಲಿದ್ದವರೆಲ್ಲ ಓಡಿ ಬಂದರು. ಮುಳ್ಳುಹಂದಿ ಗುಡ್ಡೆಯನ್ನು ಅಗೆದು ಬಿಡಿಸಿತು, ಮೊಲ ಹಿಂಗಾಲಿನಿಂದ ಮಣ್ಣು ಒದ್ದಿತು. ನೀರು ದಾರಿ ಸಿಕ್ಕಿದ್ದೇ ಕೊಳಕ್ಕೆ ಹಾರಿತು. ಹೆಗ್ಗಣದ ಹೆಂಡತಿ ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿ ಹೊರತಂದಳು. ಏಳನೆಯದು ಬಹಳ ಹೊತ್ತು ಅಲುಗಾಡಲಿಲ್ಲ. ಅದು ಒಮ್ಮೆ ಸೀನಿದಾಗ ಎಲ್ಲರಿಗೂ ಹೋದ ಜೀವ ಬಂದಂತಾಯಿತು.

ಮಳೆ ನಿಂತಿತು. ಒದ್ದೆ ಮರಿಗಳನ್ನು ನೆಕ್ಕುತ್ತಿದ್ದ ಹೆಂಡತಿಯ ಪಕ್ಕದಲ್ಲೇ ಹೆಗ್ಗಣ ಹೊಸ ಬಿಲಕ್ಕೆಂದು ಮತ್ತೆ ಮಣ್ಣಿಗೆ ಕೈ ಹಾಕಿತು.

"ನಿಲ್ಲಿ" ಎಂದಳು ಅವಳು. "ಮೊದಲು ಆ ಮೊಲವನ್ನು ಕರೆದುಕೊಂಡು ಬನ್ನಿ."

ನೀತಿ: ಯಾವ ನೆಲ ಯಾವುದಕ್ಕೆಂದು ಮೊದಲೇ ಅರಿತು ಬಳಸಿದರೆ ನಮಗೂ ನೆಲೆ, ಮುಂದೆ ಬರುವವರಿಗೂ ನೆಲೆ.